ಕುದುರೆ ಬಾಯಿ ತೆರೆದರೆ ಪಟ್ಟಿ ಬಿಗಿಯಬೇಕೇ? ಪಶುವೈದ್ಯರೊಂದಿಗೆ ಪ್ರಶ್ನೋತ್ತರ

ಪ್ರಶ್ನೆ: ಡಾಕ್ಟರೇ, ನಮಸ್ಕಾರ. ನನ್ನ ಮಗಳಿಗೆ ಹದಿಮೂರು ವರ್ಷ. ಬೆಂಗಳೂರಿನ ಹೊರವಲಯದಲ್ಲಿ ಕುದುರೆ ಸವಾರಿ ಕಲಿಯುತ್ತಿದ್ದಾಳೆ. ಮುಂದಿನ ತಿಂಗಳು ಜಿಗಿತದ ಸ್ಪರ್ಧೆ ಇದೆ. ಅವಳಿಗೆ ಕೊಟ್ಟಿರುವ ಹೆಣ್ಣು ಕುದುರೆ ಲಗಾಮು ಎಳೆದಾಗಲೆಲ್ಲ ಬಾಯಿ ತೆರೆಯುತ್ತದೆ, ಬಾಲ ಬೀಸುತ್ತದೆ, ಹಾರಬೇಕಾದ ಕಂಬದ ಎದುರು ಬಂದು ನಿಂತುಬಿಡುತ್ತದೆ. ತರಬೇತುದಾರರು "ಹಟಮಾರಿ" ಎಂದು ಮೂತಿಯ ಪಟ್ಟಿಯನ್ನು ಇನ್ನೆರಡು ತೂತು ಬಿಗಿದು, ಮಗಳ ಕೈಗೆ ಚಾವಟಿ ಕೊಟ್ಟರು. ಅವಳು ಮನೆಗೆ ಬಂದು ಅತ್ತಳು. ನಾನು ಕುದುರೆಯನ್ನು ಮುಟ್ಟಿದವಳೇ ಅಲ್ಲ. ಕೇಳಲು ಹೋದರೆ ನಿಮಗೇನು ಗೊತ್ತು ಎನ್ನುತ್ತಾರೆ. ಏನು ಮಾಡಲಿ?

ಉತ್ತರ: ಅಮ್ಮಾ, ತರಬೇತುದಾರರಿಗಿಂತ ನಿಮ್ಮ ಮಗಳೇ ಆ ಕುದುರೆಯನ್ನು ಚೆನ್ನಾಗಿ ನೋಡಿದ್ದಾಳೆ.

ಕುದುರೆಯ ಮುಂದಿನ ಹಲ್ಲುಗಳಿಗೂ ದವಡೆ ಹಲ್ಲುಗಳಿಗೂ ನಡುವೆ ಖಾಲಿ ಜಾಗವೊಂದಿದೆ. ಕಡಿವಾಣದ ಲೋಹ ಕೂರುವುದು ಅಲ್ಲಿ. ಅದು ತೆಳ್ಳನೆಯ ವಸಡು ಹೊದ್ದ ಮೂಳೆ. ನಿಮ್ಮ ಮೊಣಕಾಲಿನ ಕೆಳಗೆ ಮುಂಭಾಗದ ಎಲುಬನ್ನು ಚಮಚದ ಹಿಡಿಯಿಂದ ಒತ್ತಿ ನೋಡಿಕೊಳ್ಳಿ, ಅಂದಾಜು ಸಿಗುತ್ತದೆ. ಒತ್ತಡ ತಾಳಲಾರದೆ ಕುದುರೆ ಬಾಯಿ ತೆರೆಯುತ್ತದೆ. ಪಟ್ಟಿ ಬಿಗಿದ ಮೇಲೂ ನೋವು ಇದ್ದಲ್ಲೇ ಇರುತ್ತದೆ. ನೋಡುವವರಿಗೆ ಕಾಣುವುದಿಲ್ಲ, ಅಷ್ಟೆ.

ಕೆಲವು ತಿಂಗಳ ಹಿಂದೆ ಹೀಗೇ ಹಟಮಾರಿ ಎಂದು ನನ್ನ ಬಳಿ ತಂದ ಕಂದು ಕುದುರೆಯ ಬಾಯಿಗೆ ಟಾರ್ಚ್ ಬಿಟ್ಟು ನೋಡಿದೆ. ಮೇಲ್ದವಡೆ ಹಲ್ಲುಗಳ ಹೊರ ಅಂಚು ಗರಗಸದಂತಿತ್ತು. ಅದಕ್ಕೆ ಎದುರಾಗಿ ಕೆನ್ನೆಯ ಒಳಗೆ ಹೆಬ್ಬೆರಳ ಉಗುರಿನಷ್ಟಗಲದ ಬಿಳಿ ಹುಣ್ಣು. ಪಟ್ಟಿ ಹೊರಗಿನಿಂದ ಕೆನ್ನೆಯನ್ನು ಆ ಅಂಚಿಗೇ ಅದುಮಿ ಹಿಡಿದಿತ್ತು. ಹಲ್ಲಿಗೆ ಅರ ಹಾಕಿ ನಯ ಮಾಡಿ, ಹದಿನೈದು ದಿನ ಕಡಿವಾಣ ಹಾಕಬೇಡಿ ಎಂದೆ. ಹುಣ್ಣಿನ ಜೊತೆಗೇ ಅದರ ಹಟವೂ ಒಣಗಿತು.

ನೀವೇ ಮಾಡಬಹುದಾದ ಪರೀಕ್ಷೆಯೊಂದಿದೆ. ಮೂಗಿನ ಮೂಳೆಯ ಮೇಲೆ, ನಟ್ಟನಡುವೆ, ಪಟ್ಟಿಯ ಅಡಿಯಲ್ಲಿ ದೊಡ್ಡವರ ಎರಡು ಬೆರಳು ಸಲೀಸಾಗಿ ಹೋಗಬೇಕು. ಕೆನ್ನೆಯ ಬದಿಯಲ್ಲಿ ತೂರಿಸಿ ತೋರಿಸಿದರೆ ಒಪ್ಪಬೇಡಿ. ಅಲ್ಲಿ ಮೆತ್ತಗಿರುವುದರಿಂದ ಬಿಗಿದಿದ್ದರೂ ಬೆರಳು ಹೋಗಿಬಿಡುತ್ತದೆ. ಇದು ನಿಮ್ಮ ಸವಾರಿ ಶಾಲೆಯ ದೋಷ ಮಾತ್ರವಲ್ಲ. 2017ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಸ್ಪರ್ಧೆಯ 750 ಕುದುರೆಗಳನ್ನು ಪರೀಕ್ಷಿಸಿದಾಗ ಶೇ 44ರಷ್ಟು ಕುದುರೆಗಳಿಗೆ ಒಂದು ಬೆರಳೂ ಹೋಗಲಿಲ್ಲ. ಎರಡು ಬೆರಳು ಹಿಡಿಸಿದ್ದು ಶೇ 7ಕ್ಕೆ ಮಾತ್ರ. ಯಾರ ಬೆರಳು ಎಂಬ ಜಗಳವೇ ಬೇಡವೆಂದು ಈ ಕ್ರೀಡೆಯ ಅಂತರರಾಷ್ಟ್ರೀಯ ಸಂಸ್ಥೆ ಎಫ್‌ಇಐ 2025ರಿಂದ ಅಳತೆಯ ಸಾಧನವನ್ನೇ ಜಾರಿಗೆ ತಂದಿದೆ.

ಹಾಗೆಂದು ಬಾಯಿಯಲ್ಲೇ ನಿಲ್ಲಬೇಡಿ. ಬ್ರಿಟನ್ನಿನ ಪಶುವೈದ್ಯೆ ಸ್ಯೂ ಡೈಸನ್ ಸವಾರಿಯ ವೇಳೆ ಕುದುರೆ ತೋರಿಸುವ 24 ವರ್ತನೆಗಳನ್ನು ಪಟ್ಟಿ ಮಾಡಿದ್ದಾರೆ. ಕಿವಿ ಹಿಂದಕ್ಕೆ ಒರಗಿಸುವುದು, ಬಾಯಿ ತೆರೆಯುವುದು, ಬಾಲ ಬೀಸುವುದು, ದಿಟ್ಟಿಸುವ ಕಣ್ಣು, ಎಲ್ಲವೂ ಅದರಲ್ಲಿವೆ. ಎಂಟು ಅಥವಾ ಹೆಚ್ಚು ಕಂಡರೆ ಮೂಳೆ, ಸ್ನಾಯುಗಳಲ್ಲಿ ನೋವಿರುವ ಸಂಭವ ಹೆಚ್ಚು. ಆದ್ದರಿಂದ ಹಲ್ಲು, ಬೆನ್ನು, ಜೀನಿನ ಅಳತೆ, ಲಾಳ, ನಾಲ್ಕನ್ನೂ ನೋಡಿಸಿ. ಅಲ್ಲಿಯತನಕ ಚಾವಟಿ ಬೇಡ.

ಪ್ರಶ್ನೆ: ನಮ್ಮ ಅಜ್ಜ ಜಟಕಾ ಓಡಿಸುತ್ತಿದ್ದರು. ಬೆವರಿದ ಕುದುರೆಗೆ ತಣ್ಣೀರು ಸುರಿದರೆ ಸೆಳೆತ ಬರುತ್ತದೆ ಎನ್ನುತ್ತಿದ್ದರು. ನಿಜವೇ ಸರ್? ಅವರ ಬಳಿ ಮುಳ್ಳಿನ ಕಡಿವಾಣವೂ ಇತ್ತು.

ಉತ್ತರ: ಅಜ್ಜನವರ ಮೇಲಿನ ಗೌರವದೊಂದಿಗೇ ಹೇಳುತ್ತೇನೆ, ನಿಜವಲ್ಲ. ಓಟ ಮುಗಿಸಿ ಏದುಸಿರು ಬಿಡುವ ಕುದುರೆಗೆ ಮೈತುಂಬ ತಣ್ಣೀರು ಸುರಿಯಿರಿ, ಬಿಡದೆ ಸುರಿಯುತ್ತಲೇ ಇರಿ. ಮಂಗಳೂರಿನಂಥ ಸೆಕೆಯಲ್ಲಿ ಬೆವರು ಆರುವುದೇ ಇಲ್ಲ. ನೀರೇ ಕುದುರೆಯನ್ನು ಉಳಿಸುವುದು. ಮುಳ್ಳಿನ ಕಡಿವಾಣ ಮಾತ್ರ ಅಟ್ಟದಲ್ಲೇ ಇರಲಿ. ಗಾಡಿ ಎಳೆಯುವ, ಹೊರೆ ಹೊರುವ ಪ್ರಾಣಿಗಳ ಮೇಲಿನ ಹಿಂಸೆ ತಡೆಯುವ 1965ರ ನಿಯಮಗಳೇ ಅದನ್ನು ನಿಷೇಧಿಸಿವೆ.

ಪ್ರಶ್ನೆ: ನಮ್ಮ ಬೆಂಗಳೂರಿನ ಫವಾದ್ ಮಿರ್ಜಾ 2018ರ ಏಷ್ಯನ್ ಕ್ರೀಡಾಕೂಟದಲ್ಲಿ ಎರಡು ಬೆಳ್ಳಿ ಗೆದ್ದಾಗ ನಾನೂ ಹೆಮ್ಮೆಪಟ್ಟಿದ್ದೆ. ಇದನ್ನೆಲ್ಲ ಓದಿದ ಮೇಲೆ ಈ ಕ್ರೀಡೆಯೇ ಬೇಡ ಅನ್ನಿಸುತ್ತಿದೆ. ನಿಲ್ಲಿಸಬಾರದೇ?

ಉತ್ತರ: ಒಂದು ಕಡೆ ನಿಲ್ಲಿಸಿಯೇ ಬಿಟ್ಟರು. ಟೋಕಿಯೊ ಒಲಿಂಪಿಕ್ಸ್‌ನ ಆಧುನಿಕ ಪೆಂಟಾಥ್ಲಾನ್‌ನಲ್ಲಿ, ಅಂದರೆ ಕುದುರೆ ಸವಾರಿಯೂ ಸೇರಿದ್ದ ಐದು ಆಟಗಳ ಸ್ಪರ್ಧೆಯಲ್ಲಿ, ಜರ್ಮನಿಯ ಅನಿಕಾ ಶ್ಲಾಯ್ ಮುಂದಿದ್ದರು. ಅಲ್ಲಿ ಆಗ ಕುದುರೆ ಸಿಗುತ್ತಿದ್ದುದು ಚೀಟಿ ಎತ್ತಿ, ಪರಿಚಯಕ್ಕೆ 20 ನಿಮಿಷ. ಅವರಿಗೆ ಸಿಕ್ಕ ಸೇಂಟ್ ಬಾಯ್ ಅದೇ ದಿನ ಹಿಂದಿನ ಸವಾರರಿಗೂ ಹಾರಲೊಲ್ಲೆ ಎಂದಿತ್ತು. ಶ್ಲಾಯ್ ಅಳುತ್ತ ಚಾವಟಿ ಬೀಸಿದರು, ಅವರ ಕೋಚ್ ಬೇಲಿಯಾಚೆಯಿಂದ ಮುಷ್ಟಿಯಲ್ಲಿ ಗುದ್ದಿದರು. ಕೋಚನ್ನು ಹೊರಹಾಕಿದರು, 2024ರ ಪ್ಯಾರಿಸ್ ಕೂಟದ ನಂತರ ಆ ಕ್ರೀಡೆಯಿಂದ ಸವಾರಿಯನ್ನೇ ತೆಗೆದರು. ಉಳಿದ ಅಶ್ವಕ್ರೀಡೆಗಳಲ್ಲಿ ಶಿಕ್ಷೆಯಾದರೂ ಆಗುತ್ತಿದೆ: ವಿದ್ಯಾರ್ಥಿನಿಯ ಕುದುರೆಯ ಕಾಲಿಗೆ ಮತ್ತೆಮತ್ತೆ ಚಾವಟಿ ಬೀಸಿದ ವಿಡಿಯೊ ಹೊರಬಂದು, ಒಲಿಂಪಿಕ್ ಚಾಂಪಿಯನ್ ಶಾರ್ಲಟ್ ದುಜಾರ್ಡಿನ್‌ಗೆ ಒಂದು ವರ್ಷದ ಅಮಾನತಾಯಿತು. ನಾನು ಪೂರ್ತಿ ನಿಷೇಧದ ಪರವಲ್ಲ. ಆದರೆ ಕುದುರೆ ಒಲ್ಲೆ ಎಂದರೆ ಅಂದಿನ ಸ್ಪರ್ಧೆ ಮುಗಿಯಿತು ಎನ್ನುವ ಎದೆಗಾರಿಕೆ ಇಲ್ಲದವರು ಲಗಾಮು ಹಿಡಿಯಬಾರದು.

ಮೊದಲ ಪ್ರಶ್ನೆ ಕೇಳಿದವರು: ಡಾಕ್ಟರೇ, ಇಂದು ಹೋಗಿ ನೋಡಿದೆ. ಒಂದು ಬೆರಳೂ ಹೋಗಲಿಲ್ಲ. ತರಬೇತುದಾರರು ಮುಖ ಗಂಟಿಕ್ಕಿದರು, ಆದರೂ ಸಡಿಲಿಸಿದರು. ಸ್ಪರ್ಧೆಗೆ ಬೇರೆ ಕುದುರೆ ಕೊಡುತ್ತೇನೆ ಎಂದರು, ಮಗಳು ಬೇಡ ಎಂದಳು. ಹಲ್ಲು ನೋಡಿಸಲು ಎಲ್ಲಿಗೆ ಹೋಗಲಿ?

ಉತ್ತರ: ಕುದುರೆಯನ್ನು ಸಾಗಿಸುವ ಮುನ್ನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ವಿಚಾರಿಸಿ. ಲಾಯಕ್ಕೇ ಬರುವ ಕುದುರೆ ವೈದ್ಯರು ಸಿಕ್ಕರೆ ಇನ್ನೂ ಒಳ್ಳೆಯದು. ಆ ದಿನ ಮಗಳನ್ನು ಶಾಲೆಗೆ ರಜೆ ಹಾಕಿಸಿ ಕರೆದುಕೊಂಡು ಹೋಗಿ. ಟಾರ್ಚ್ ಅವಳೇ ಹಿಡಿಯಲಿ.