1 ಡಾಲರ್ ಪಡೆದವರಿಗೆ ಕೆಲಸ ಹಿಡಿಸಿತು, 20 ಪಡೆದವರಿಗೆ ಯಾಕಿಲ್ಲ?

ತುಮಕೂರು_ಓದುಗ:
ಮನಃಶಾಸ್ತ್ರ ಎಂ.ಎ. ಓದುತ್ತಿದ್ದೇನೆ. ಫೆಸ್ಟಿಂಜರ್ ಮತ್ತು ಕಾರ್ಲ್‌ಸ್ಮಿತ್ 1959ರಲ್ಲಿ ಪ್ರಕಟಿಸಿದ ಪ್ರಯೋಗ ತಲೆಗೆ ಹತ್ತುತ್ತಿಲ್ಲ. ಸ್ಟ್ಯಾನ್‌ಫರ್ಡ್‌ನ ಹುಡುಗರಿಗೆ ಒಂದು ಗಂಟೆ ಬೇಸರ ಹಿಡಿಸುವ ಕೆಲಸ ಕೊಟ್ಟರು. ಮೊದಲು ಟ್ರೇಗೆ ರೀಲುಗಳನ್ನು ತುಂಬುವುದು, ತೆಗೆಯುವುದು, ಮತ್ತೆ ತುಂಬುವುದು. ಆಮೇಲೆ ಹಲಗೆಯ ಮೇಲಿನ 48 ಗೂಟಗಳನ್ನು ಒಂದೊಂದಾಗಿ ಕಾಲು ಸುತ್ತು ತಿರುಗಿಸುವುದು. ಇಷ್ಟಾದ ಮೇಲೆ, ಹೊರಗೆ ಕಾಯುತ್ತಿದ್ದ ಹುಡುಗಿಗೆ 'ತುಂಬಾ ಮಜಾ ಇತ್ತು' ಅಂತ ಹೇಳಲು ಕೆಲವರಿಗೆ 1 ಡಾಲರ್, ಕೆಲವರಿಗೆ 20. ದುಡ್ಡು ಜಾಸ್ತಿ ಸಿಕ್ಕವರಿಗೆ ತಾನೇ ಖುಷಿ ಜಾಸ್ತಿ ಆಗಬೇಕು?

ಗೂಟ_ತಿರುಗಿಸುವವ:
20 ಡಾಲರ್ ಆಗಿನ ಕಾಲಕ್ಕೆ ದೊಡ್ಡ ಮೊತ್ತ. ಸುಳ್ಳು ಯಾಕೆ ಹೇಳಿದೆ ಅಂದರೆ 'ದುಡ್ಡಿಗೆ' ಅನ್ನುವ ಉತ್ತರ ಅವರ ಬಳಿ ರೆಡಿ ಇತ್ತು. 1 ಡಾಲರ್‌ನವರಿಗೆ ಆ ನೆಪವೂ ಇಲ್ಲ. ಆಡಿದ ಮಾತನ್ನು ವಾಪಸ್ ತೆಗೆದುಕೊಳ್ಳಲು ಆಗುವುದಿಲ್ಲ, ಹಾಗಾಗಿ ಬದಲಾಗಲು ಉಳಿದಿದ್ದು ಅಭಿಪ್ರಾಯ ಮಾತ್ರ: 'ಕೆಲಸ ಅಷ್ಟೇನೂ ಕೆಟ್ಟದಾಗಿರಲಿಲ್ಲ ಬಿಡು.' ಅಂಕಿ ನೋಡಿ. ಕೆಲಸ ಎಷ್ಟು ಹಿಡಿಸಿತು ಅನ್ನುವುದಕ್ಕೆ -5ರಿಂದ +5ರ ಅಳತೆಯಲ್ಲಿ 1 ಡಾಲರ್‌ನವರು ಸರಾಸರಿ 1.35 ಕೊಟ್ಟರು. 20 ಡಾಲರ್‌ನವರು -0.05. ಸುಳ್ಳೇ ಹೇಳದವರು -0.45. ಅಂದರೆ 20 ಡಾಲರ್‌ನವರಿಗೆ ಕೆಲಸದ ಮೇಲೆ ಸಿಟ್ಟೇನೂ ಬರಲಿಲ್ಲ, ಅವರು ಹೆಚ್ಚುಕಡಿಮೆ ಇದ್ದಲ್ಲೇ ಇದ್ದರು. ಪರೀಕ್ಷೆಯಲ್ಲಿ ಇದನ್ನು ತಪ್ಪದೆ ಬರೆಯಿರಿ.

ಹಳೇ_ಮೇಷ್ಟ್ರು:
ಹೀಗೆ ನಂಬಿಕೆಗೂ ನಡತೆಗೂ ತಾಳೆಯಾಗದೆ ಒಳಗೆ ಏಳುವ ತಿಕ್ಕಾಟಕ್ಕೆ ಕಾಗ್ನಿಟಿವ್ ಡಿಸೊನನ್ಸ್ ಅನ್ನುತ್ತಾರೆ. ಅದರ ಬೇರು ನಮ್ಮ ದೇಶದಲ್ಲೂ ಇದೆ, ತರಗತಿಗಳಲ್ಲಿ ಯಾರೂ ಹೇಳುವುದಿಲ್ಲ ಅನ್ನುವುದೇ ಬೇಜಾರು. 1934ರ ಜನವರಿಯ ಬಿಹಾರ ಭೂಕಂಪದಲ್ಲಿ, ನೆಲ ನಡುಗಿದ್ದು ಗೊತ್ತಾದರೂ ಸುತ್ತ ಏನೂ ಬೀಳದ ಊರುಗಳಲ್ಲಿ, ಇನ್ನೂ ದೊಡ್ಡ ಅನಾಹುತ ಬರುತ್ತದೆ ಅನ್ನುವ ಗಾಳಿಸುದ್ದಿ ಹಬ್ಬಿತ್ತು. ಮನಃಶಾಸ್ತ್ರಜ್ಞ ಜಮುನಾ ಪ್ರಸಾದ್ ಅದನ್ನು ದಾಖಲಿಸಿದ್ದರು. ಹೆದರಿದವರು ಮತ್ತಷ್ಟು ಹೆದರಿಸುವ ಸುದ್ದಿಯನ್ನೇ ಯಾಕೆ ನಂಬುತ್ತಾರೆ? ಭಯ ಆಗಲೇ ಒಳಗಿದೆ, ಕಣ್ಣೆದುರು ಕಾರಣ ಕಾಣಿಸುತ್ತಿಲ್ಲ, ಆ ಸುದ್ದಿ ಕಾರಣ ಒದಗಿಸಿತು ಅನ್ನುವುದು ಫೆಸ್ಟಿಂಜರ್ ಕಂಡುಕೊಂಡ ಉತ್ತರ. ಅವರ 1957ರ ಡಿಸೊನನ್ಸ್ ಸಿದ್ಧಾಂತಕ್ಕೆ ದಾರಿ ತೋರಿಸಿದ್ದು ಇದೇ.

ಅನುಮಾನಿ:
ಒಳಗಿನ ಕಸಿವಿಸಿಯಿಂದಲೇ ಹೀಗಾಗುತ್ತದೆ ಅಂತ ಎಲ್ಲರೂ ಒಪ್ಪಿಲ್ಲ. ಮನಃಶಾಸ್ತ್ರಜ್ಞ ಡ್ಯಾರಿಲ್ ಬೆಮ್ 1967ರಲ್ಲೇ ಬೇರೆ ಮಾತು ಹೇಳಿದರು: ನಾವು ಬೇರೆಯವರ ನಡತೆ ನೋಡಿ ಅವರ ಮನಸ್ಸು ಊಹಿಸುವ ಹಾಗೆ, ನಮ್ಮ ನಡತೆ ನೋಡಿ ನಮ್ಮದನ್ನೂ ಊಹಿಸುತ್ತೇವೆ. 2024ರಲ್ಲಿ 39 ಲ್ಯಾಬ್‌ಗಳು ಸೇರಿ ಇದೇ ಬಗೆಯ ಇನ್ನೊಂದು ಪ್ರಯೋಗ ಮಾಡಿದವು. ತಮಗೆ ಒಪ್ಪಿಗೆಯಿಲ್ಲದ ವಿಷಯದ ಪರ ಪ್ರಬಂಧ ಬರೆದವರ ನಿಲುವು ಆ ಕಡೆಗೆ ಸ್ವಲ್ಪ ವಾಲಿತು. ಆದರೆ 'ಬರೆಯುವುದು ಬಿಡುವುದು ನಿಮ್ಮಿಷ್ಟ' ಅಂತ ಹೇಳಿಸಿಕೊಂಡವರಿಗೂ ಹೇಳಿಸಿಕೊಳ್ಳದವರಿಗೂ ವ್ಯತ್ಯಾಸ ಕಾಣಲಿಲ್ಲ. ತಮ್ಮಿಷ್ಟದಿಂದ ಬರೆದವರಿಗೆ ನೆಪ ಇಲ್ಲದ್ದರಿಂದ, ಸಿದ್ಧಾಂತದ ಪ್ರಕಾರ ಕಾಣಬೇಕಿತ್ತು.

ತುಮಕೂರು_ಓದುಗ:
ಈಗ ಅರ್ಥವಾಯಿತು, ಥ್ಯಾಂಕ್ಸ್. ಅಂದಹಾಗೆ, ಈ ತಿಕ್ಕಾಟದಿಂದ ನಡತೆಯೇ ಬದಲಾಗುವುದೂ ಇದೆಯಾ?

ಗೂಟ_ತಿರುಗಿಸುವವ:
ಇದೆ. ಕ್ಯಾಲಿಫೋರ್ನಿಯಾದ ಸಾಂತಾ ಕ್ರೂಜ್ ವಿಶ್ವವಿದ್ಯಾಲಯದಲ್ಲಿ, ಈಜಿ ಬಂದು ಸ್ನಾನಕ್ಕೆ ಹೊರಟವರಿಂದ 'ನೀರು ಉಳಿಸಿ' ಪೋಸ್ಟರ್‌ಗೆ ಸಹಿ ಹಾಕಿಸಿದರು, ಜೊತೆಗೆ ಅವರೇ ನೀರು ಪೋಲು ಮಾಡಿದ್ದನ್ನು ನೆನಪಿಸುವ ಪ್ರಶ್ನೆ ಕೇಳಿದರು. ಸುಮ್ನೆ ಬಿಟ್ಟವರಿಗಿಂತ ಇವರು ಬೇಗ ಸ್ನಾನ ಮುಗಿಸಿದರು. 1992ರಲ್ಲಿ ಪ್ರಕಟವಾದದ್ದು, ಹುಡುಕಿ ಓದಿ.