ಬಿಂದುಗಳ ಮೂಲಕ ನುಣುಪು ಗೆರೆ: ಸ್ಪ್ಲೈನ್ ಬಳಸಿದವರು ಅನುಭವ ಹೇಳಿ

ಕೆರೆ ಅಳೆಯುವವನು: ಊರ ಕೆರೆಯ ನೀರಿನ ಮಟ್ಟ ಮತ್ತು ಸಂಗ್ರಹದ ಕೋಷ್ಟಕ ನನ್ನ ಬಳಿ ಇದೆ, 14 ಬಿಂದುಗಳು. ನಡುವಿನ ಮಟ್ಟಗಳಿಗೂ ಸಂಗ್ರಹ ತಿಳಿಯಬೇಕು. 13ನೆಯ ಘಾತದ ಬಹುಪದೋಕ್ತಿ ಹಾಕಿದರೆ ಅಂಚಿನಲ್ಲಿ ಗೆರೆ ಕುಣಿಯುತ್ತದೆ. ಘನ ಸ್ಪ್ಲೈನ್ (ಬಿಂದುಗಳ ನಡುವೆ ಮೂರನೆಯ ಘಾತದ ತುಂಡುಗಳನ್ನು ನುಣುಪಾಗಿ ಜೋಡಿಸಿದ ಗೆರೆ) ಸಾಕೇ? ಯಾವ ಬಗೆಯದು?

ತೊಲೆ ಬಾಗಿಸಿದವನು: ಕುಣಿತದ ಕಥೆ ನನ್ನನ್ನು ಕೇಳಿ. ಜರ್ಮನ್ ಗಣಿತಜ್ಞ ರುಂಗೆ 1901ರಲ್ಲಿ ತೋರಿಸಿದ್ದನ್ನು ಪರೀಕ್ಷೆಯಲ್ಲಿ ಬರೆದು ಪೂರ್ತಿ ಅಂಕ ಪಡೆದಿದ್ದೆ. ಸಮ ಅಂತರದ 11 ಬಿಂದುಗಳು. ರುಂಗೆಯ ಉದಾಹರಣೆಯ ಮೂಲ ಗೆರೆ 1ನ್ನು ದಾಟುವುದೇ ಇಲ್ಲ, ಬಹುಪದೋಕ್ತಿ ಮಾತ್ರ ಅಂಚಿನ ಬಳಿ ಹೆಚ್ಚುಕಡಿಮೆ 2ಕ್ಕೆ ಜಿಗಿಯುತ್ತದೆ. ಅಂಥವನೇ ಪ್ರಾಜೆಕ್ಟಿನಲ್ಲಿ ತೊಲೆಯ ಬಾಗಿನ 21 ಅಳತೆಗಳಿಗೆ 20ನೆಯ ಘಾತ ಹಾಕಿದೆ. ಗೊತ್ತಾದದ್ದು ವರದಿ ಒಪ್ಪಿಸುವ ಹಿಂದಿನ ರಾತ್ರಿ. ಮೂರು ಪ್ರತಿಗಳ ಮರುಮುದ್ರಣ ಮತ್ತು ಬೈಂಡಿಂಗ್‌ಗೆ 1,230 ರೂಪಾಯಿ, ಆಟೋಗೆ 180, ಕೇಳಿಸಿಕೊಂಡ ಮಾತಿಗೆ ಲೆಕ್ಕವಿಲ್ಲ. ಆಮೇಲೆ ನ್ಯಾಚುರಲ್ ಸ್ಪ್ಲೈನ್ ಹಾಕಿದೆ. ಸಮೀಕರಣಗಳನ್ನು ಬಿಡಿಸುವ ಕೋಡ್ ಪೂರ್ತಿ ನನ್ನದೇ, ಲೈಬ್ರರಿ ಮುಟ್ಟಲಿಲ್ಲ.

ತುದಿಯ ಗಾಯಾಳು: ‘ನ್ಯಾಚುರಲ್’ ಎಂಬ ಹೆಸರಿಗೆ ಮರುಳಾಗಬೇಡಿ. ತುದಿಯಲ್ಲಿ ಎರಡನೆಯ ಡೆರಿವೇಟಿವ್ (ಗೆರೆಯ ಬಾಗಿನ ಅಳತೆ) ಸೊನ್ನೆ ಎಂದು ನಿಮ್ಮ ದತ್ತಾಂಶ ಯಾವಾಗ ಹೇಳಿತು? ಬಿಂದುಗಳ ಅಂತರ ಅರ್ಧವಾದಾಗ ದೋಷ ಹದಿನಾರನೆಯ ಒಂದು ಪಾಲಿಗೆ ಇಳಿಯಬೇಕು. ನನ್ನದು ತುದಿಯಲ್ಲಿ ಕಾಲು ಪಾಲಿಗಷ್ಟೇ ಇಳಿಯಿತು. ಕೋಡಿನಲ್ಲಿ ತಪ್ಪಿದೆ ಎಂದು 19 ದಿನ ಹುಡುಕಿದೆ. ಒಂದು ಅಲ್ಪವಿರಾಮವೂ ತಪ್ಪಿರಲಿಲ್ಲ. ಮ್ಯಾಟ್‌ಲ್ಯಾಬ್, ಸೈಪೈ ತಂತ್ರಾಂಶಗಳೆರಡೂ ಬೇರೇನೂ ಹೇಳದಿದ್ದರೆ ‘ನಾಟ್-ಎ-ನಾಟ್’ (ತುದಿಯ ಎರಡೆರಡು ತುಂಡುಗಳನ್ನು ಒಂದೇ ಘನ ಗೆರೆಯಾಗಿಸುವ ನಿಯಮ) ಹಿಡಿಯುವುದು ಸುಮ್ಮನೆ ಅಲ್ಲ.

ತೊಲೆ ಬಾಗಿಸಿದವನು: ನನ್ನ ತೊಲೆ ಎರಡೂ ತುದಿಗಳಲ್ಲಿ ಬರೀ ಆಧಾರದ ಮೇಲೆ ಕೂತಿತ್ತು. ಅಲ್ಲಿ ಬಾಗುವ ಮೊಮೆಂಟ್ ಸೊನ್ನೆಯೇ, ಹಾಗಾಗಿ ಎರಡನೆಯ ಡೆರಿವೇಟಿವ್ ಕೂಡ. ಓದಿ ಬೈಯಿರಿ.

ಮಳೆ ಲೆಕ್ಕದವಳು: ತುದಿ ತುದಿ ಎಂದು ಕಿತ್ತಾಡುವವರು ನಡುವೆ ಏನಾಗುತ್ತದೆಂದು ನೋಡಿದ್ದೀರಾ? ಗಂಟೆಗೊಮ್ಮೆ ಅಳೆದ ಮಳೆ 0, 0, 0, 10, 10, 10 ಮಿಲಿಮೀಟರ್. ನ್ಯಾಚುರಲ್ ಸ್ಪ್ಲೈನ್ ಹಾಕಿ: ಎರಡನೆಯ ಮತ್ತು ಮೂರನೆಯ ಸೊನ್ನೆಗಳ ನಡುವೆ ಸುಮಾರು −1.1, ಆಚೆ 11.1. ನನ್ನ ವರದಿಯ 46ನೆಯ ಪುಟದಲ್ಲಿ ಇಂಥದ್ದೇ ಚಿತ್ರವಿತ್ತು. “ಮಳೆ ಮೇಲಕ್ಕೂ ಹೋಗುತ್ತದೆಯೇನಮ್ಮಾ?” ಎಂದು ಮೇಲಧಿಕಾರಿ ಸಭೆಯಲ್ಲೇ ಕೇಳಿದರು. ಇವತ್ತಿಗೂ ಆ ಕಚೇರಿಯಲ್ಲಿ ನನ್ನ ಹೆಸರು ‘ಮೇಲ್ಮಳೆ’. ಏರಿಕೆ ಇರುವಲ್ಲಿ ಏರಿಕೆಯನ್ನೇ ಉಳಿಸುವ ಫ್ರಿಚ್–ಕಾರ್ಲ್‌ಸನ್ ವಿಧಾನ 1980ರಿಂದ ಇದೆ. ಕೋಡಿನಲ್ಲಿ ಅದರ ಹೆಸರು ಪಿಚಿಪ್, ಅಷ್ಟು ಬರೆದರೆ ಮುಗಿಯಿತು.

ತುದಿಯ ಗಾಯಾಳು: ಪಿಚಿಪ್‌ನಲ್ಲಿ ಎರಡನೆಯ ಡೆರಿವೇಟಿವ್ ಪ್ರತಿ ಬಿಂದುವಿನಲ್ಲೂ ಮುರಿಯಬಹುದು. ಅದನ್ನು ನುಣುಪು ಎಂದರೆ ನಮ್ಮೂರ ರಸ್ತೆಯೂ ನುಣುಪೇ.

ಮಳೆ ಲೆಕ್ಕದವಳು: ನಿಮ್ಮ ನುಣುಪು ರಸ್ತೆ ಸೀದಾ ಪಾತಾಳಕ್ಕೆ ಇಳಿಯುತ್ತದಲ್ಲ!

ಅಕ್ಷರ ಕೊರೆಯುವವನು: ಕನ್ನಡ ಫಾಂಟ್ ಮಾಡಿದವರು ಯಾರೂ ಇಲ್ಲವೇ? ನಮ್ಮ ಲಿಪಿಯಲ್ಲಿ ನೇರ ಗೆರೆ ಹುಡುಕಿದರೂ ಸಿಗದು. ‘ಣ’ ಒಂದಕ್ಕೇ ಎರಡು ಭಾನುವಾರ ಹೋದವು. ಪೋಸ್ಟ್‌ಸ್ಕ್ರಿಪ್ಟ್ ಬಗೆಯ ಘನ ವಕ್ರದಲ್ಲಿ ಬಿಡಿಸಿದ್ದನ್ನು ಟ್ರೂಟೈಪ್‌ನ ವರ್ಗ ವಕ್ರಕ್ಕೆ ಇಳಿಸಿದಾಗ ಬಿಂದುಗಳು ದುಪ್ಪಟ್ಟಾದವು, ಅದರ ಬಾಗು ಹುಳು ತಿಂದ ಹಾಗಾಯಿತು. ನಿಯಂತ್ರಣ ಬಿಂದುಗಳಿಂದ ಗೆರೆ ಬಾಗಿಸುವ ಬೆಜಿಯರ್ ಕಲಿಯಿರಿ, ಉಳಿದದ್ದು ತಾನಾಗಿ ಬರುತ್ತದೆ.

ತೊಲೆ ಬಾಗಿಸಿದವನು: ಬೆಜಿಯರ್ ಗೆರೆ ತನ್ನ ನಡುವಿನ ನಿಯಂತ್ರಣ ಬಿಂದುಗಳ ಮೂಲಕ ಸಾಮಾನ್ಯವಾಗಿ ಹೋಗುವುದೇ ಇಲ್ಲ. ಇಲ್ಲಿ ಕೇಳಿದ್ದು ಅಳೆದ ಬಿಂದುಗಳನ್ನು ಮುಟ್ಟುವ ಗೆರೆ, ಸ್ವಾಮಿ.

ಅಕ್ಷರ ಕೊರೆಯುವವನು: ಪ್ರತಿ ಅಳತೆಯನ್ನೂ ಮುಟ್ಟಲೇಬೇಕೆಂದು ಹಟ ಹಿಡಿದವರಿಗೇ 1,230 ರೂಪಾಯಿ ದಂಡ ಬಿದ್ದದ್ದು.

ಹಲಗೆ ಕಾಲದವರು: ಗಣಿತಜ್ಞ ಶೋಯನ್‌ಬರ್ಗ್ 1946ರಲ್ಲಿ ‘ಸ್ಪ್ಲೈನ್’ ಎಂಬ ಹೆಸರನ್ನು ಗಣಿತಕ್ಕೆ ತಂದದ್ದು ನಕ್ಷೆಗಾರರ ಮರದ ಪಟ್ಟಿಯಿಂದ. ಸೀಸದ ತೂಕಗಳನ್ನಿಟ್ಟು ನಾನೂ ಬಾಗಿಸಿದ್ದೇನೆ. ಒಂದು ತೂಕ ಕಾಲಬೆರಳ ಮೇಲೆ ಬಿದ್ದು ಉಗುರು ಹೋಯಿತು, ಇನ್ನೂ ನೆಟ್ಟಗೆ ಬೆಳೆದಿಲ್ಲ. ಕೊನೆಯ ತೂಕದಾಚೆ ಪಟ್ಟಿ ತಾನಾಗಿ ನೇರವಾಗುತ್ತದೆ. ಅದೇ ನ್ಯಾಚುರಲ್.

ತುದಿಯ ಗಾಯಾಳು: ಮರದ ಪಟ್ಟಿಗೆ ನ್ಯಾಚುರಲ್, ನನ್ನ ದತ್ತಾಂಶಕ್ಕಲ್ಲ! 19 ದಿನ, ಹಿರಿಯರೇ, 19 ದಿನ!

ಕೆರೆ ಅಳೆಯುವವನು: ಮಟ್ಟ ಏರಿದರೆ ಸಂಗ್ರಹ ಇಳಿಯಬಾರದು, ನನಗೆ ಬೇಕಾದದ್ದು ಅಷ್ಟೇ. ಮಳೆಯವರ ಪಿಚಿಪ್ ಹಾಕುತ್ತಿದ್ದೇನೆ.

ತುದಿಯ ಗಾಯಾಳು: ಹಾಕಿ. ಆಮೇಲೆ ಅದರ ಎರಡನೆಯ ಡೆರಿವೇಟಿವ್ ಚಿತ್ರವನ್ನೂ ಇಲ್ಲಿ ಹಾಕಿ, ಎಲ್ಲರೂ ನೋಡಲಿ.