ಅಪ್‌ಡೇಟ್: ಟ್ರೈಲರ್ ಓಲಾಟ ನಿಂತಿತು

ಮಡಿಕೇರಿಯಿಂದ ಸುಂಟಿಕೊಪ್ಪದ ಕಡೆ ಇಳಿಯುವಾಗ ವೇಗ 50 ದಾಟಿದರೆ ಕ್ಯಾಂಪರ್ ಟ್ರೈಲರ್ (ಗಾಡಿಯ ಹಿಂದೆ ಎಳೆದೊಯ್ಯುವ, ಒಳಗೆ ಮಲಗಬಹುದಾದ ಡಬ್ಬಿ) ಬಾಲ ಆಡಿಸುತ್ತದೆ ಅಂತ ಕೇಳಿದ್ದೆನಲ್ಲ, ಸರಿಹೋಯಿತು. ಟೈರಿಗೆ ಗಾಳಿ ಹೆಚ್ಚಿಸಿದ್ದರಿಂದ ಏನೂ ಆಗಲಿಲ್ಲ. ಕೆಲಸಕ್ಕೆ ಬಂದದ್ದು 'ಟ್ರೈಲರನ್ನು ಗಾಡಿಗೆ ಸಿಕ್ಕಿಸುವ ಕೊಕ್ಕೆಯ ಮೇಲಿನ ಭಾರ ತೂಗಿ ನೋಡಿ' ಅಂದವರ ಮಾತು. ಸಮತಟ್ಟು ಜಾಗದಲ್ಲಿ ಚಕ್ರಕ್ಕೆ ಕಲ್ಲು ಕೊಟ್ಟು, ಮನೆಯ ತೂಕದ ಯಂತ್ರದ ಮೇಲೆ ಕೊಕ್ಕೆ ಇಟ್ಟರೆ ಸಾಕು. ಒಟ್ಟು 310 ಕಿಲೋದಲ್ಲಿ ಅಲ್ಲಿ ಬೀಳುತ್ತಿದ್ದದ್ದು ಬರೀ 12! ಶೇ 10ರಷ್ಟಾದರೂ ಬೇಕು. ಹಿಂದಿದ್ದ ಬ್ಯಾಟರಿ, 20 ಲೀಟರ್ ನೀರಿನ ಕ್ಯಾನ್ ಎರಡನ್ನೂ ಆಕ್ಸಲ್‌ನ (ಚಕ್ರಗಳ ಅಚ್ಚಿನ) ಮುಂದಕ್ಕೆ ತಂದ ಮೇಲೆ 34.

ಇನ್ನೊಂದು, ಟ್ರೈಲರ್ ಚಾವಣಿ ಸೋರುತ್ತಿದೆ ಅಂದುಕೊಂಡಿದ್ದೆನಲ್ಲ, ಅದು ಸೋರಿಕೆಯೇ ಅಲ್ಲ! ಉಸಿರಿನ ತೇವ ತಣ್ಣನೆಯ ಅಲ್ಯೂಮಿನಿಯಂ ಶೀಟಿಗೆ ತಗುಲಿ ಹನಿಯುತ್ತಿತ್ತು. ಸೋರಿಕೆ ಮುಚ್ಚಲು ಹಚ್ಚಿದ ಎರಡು ಟ್ಯೂಬ್ ಸಿಲಿಕೋನ್ ದಂಡವಾಯಿತು. ಒಳಗೆ 10 ಎಂಎಂ ಫೋಮ್ ಅಂಟಿಸಿ, ಎದುರುಬದುರು ಎರಡು ಗಾಳಿಕಿಂಡಿ ಬಿಟ್ಟ ಮೇಲೆ ಹಾಸಿಗೆ ಒಣಗಿದೆ. ಚಳಿ ಅಂತ ಕಿಂಡಿ ಮುಚ್ಚಿದರೆ ಮತ್ತೆ ಹನಿ.